ಮಳೆಗಾಲಕ್ಕೆ ಮುಂಚೆ ಹಾಯಿದೋಣಿ ಇಂಜಿನ್: ಆಯಿಲ್ ಈಗ ಬದಲಾಯಿಸಬೇಕಾ, ಆಮೇಲಾ?

ಹಾಯಿದೋಣಿ_ಮುಂಬೈ:
26 ಅಡಿಯ ಹಳೇ ಹಾಯಿದೋಣಿ ತಗೊಂಡಿದ್ದೀನಿ. ಒಳಗಿರೋದು ಯಾನ್ಮಾರ್ 1ಜಿಎಂ10 ಡೀಸೆಲ್, ಒಂದೇ ಸಿಲಿಂಡರ್, 9 ಅಶ್ವಶಕ್ತಿ. ರೇಡಿಯೇಟರ್ ಇಲ್ಲ, ಸಮುದ್ರದ ನೀರೇ ಒಳಗೆ ಹಾದು ತಂಪು ಮಾಡುತ್ತೆ. ಮಳೆಗಾಲಕ್ಕೆ ದಡಕ್ಕೆ ಎಳೆಸಿದ್ರೆ ಅಕ್ಟೋಬರ್‌ವರೆಗೆ ಮುಟ್ಟೋ ಹಾಗಿಲ್ಲ. ಏನೇನು ಮಾಡಿಡಬೇಕು?

ಸೊಲೆಂಟ್_ಕನ್ನಡಿಗ:
ಆಯಿಲ್ ಈಗಲೇ ಬದಲಾಯಿಸಿ. ಇಂಜಿನ್ ಬಿಸಿ ಇರುವಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ತೂತಿನಿಂದ ಪಂಪಲ್ಲಿ ಎಳೆದು ತೆಗೀರಿ, ಫಿಲ್ಟರ್ ಕೂಡ ಹೊಸದು ಹಾಕಿ. ಹಳೇ ಆಯಿಲಲ್ಲಿ ಆಮ್ಲ ಇರುತ್ತೆ, ಬೇರಿಂಗ್ ತಿನ್ನುತ್ತೆ. ನೀರೆಳೆಯೋ ಪೈಪನ್ನು ಬಕೆಟ್ ಸಿಹಿನೀರಲ್ಲಿಟ್ಟು ಸ್ವಲ್ಪ ಹೊತ್ತು ಓಡಿಸಿ. ನೀರಿನ ಪಂಪಿನ ರಬ್ಬರ್ ಇಂಪೆಲರ್ (ನೀರು ದೂಡೋ ರೆಕ್ಕೆಚಕ್ರ) ಬಿಚ್ಚಿಡಿ, ಇಂಜಿನ್ ಬದಲು ತಾನು ಸವೆಯೋ ಸತುವಿನ ತುಂಡು, ಅಂದ್ರೆ ಆನೋಡ್, ಸವೆದಿದ್ರೆ ಬದಲಾಯಿಸಿ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ನಾವು ಮಾಡೋದೂ ಇದೇ, ಜೊತೆಗೆ ನೀರು ಹೆಪ್ಪುಗಟ್ಟದ ಹಾಗೆ ಆಂಟಿಫ್ರೀಜ್. ಅದು ನಿಮಗೆ ಬೇಡ. ಒಂದು ಮಾತು, ಮರೀನ್ ಆಯಿಲೇ ಹಾಕಿ, ಲಾರಿದಲ್ಲ.

ಗಂಗೊಳ್ಳಿ_ಮೆಕ್ಯಾನಿಕ್:
"ಲಾರಿದಲ್ಲ" ಅಂದ್ರೆ ಎಂತ ಮಾರಾಯ್ರೆ? ನಮ್ಮಲ್ಲಿ ಎಷ್ಟೋ ಬೋಟಿನಲ್ಲಿ ಕೂತದ್ದೇ ಲಾರಿ ಇಂಜಿನ್. 15ಡಬ್ಲ್ಯೂ-40 ದಪ್ಪದ ಲಾರಿ ಎಣ್ಣೆ ಹಾಕಿ ಓಡಿಸ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, 61 ದಿನ ಬೋಟು ನಿಂತಲ್ಲೇ. ಆಗಸ್ಟಲ್ಲಿ ಸ್ಟಾರ್ಟ್ ಆಗ್ತದೆ. ಡಬ್ಬಿ ಮೇಲೆ ದೋಣಿ ಚಿತ್ರ ಇದ್ರೆ ರೇಟ್ ಜಾಸ್ತಿ, ಒಳಗೆ ಅದೇ ಎಣ್ಣೆ.

ಸೊಲೆಂಟ್_ಕನ್ನಡಿಗ:
"ಒಳಗೆ ಅದೇ ಎಣ್ಣೆ" ಅನ್ನೋಕೆ ಏನು ಆಧಾರ? ನಿಮ್ಮ ಇಂಜಿನ್ ರಾತ್ರಿಯಿಡೀ ಲೋಡಲ್ಲಿ ಓಡುತ್ತೆ. ಹಾಯಿದೋಣೀದು ಬಂದರು ದಾಟೋವರೆಗೆ ಮಾತ್ರ, ಆಮೇಲೆ ಗಾಳಿ. ಅದರ ಥರ್ಮೋಸ್ಟಾಟ್ (ಬಿಸಿ ನೋಡಿ ತಂಪು ನೀರು ಬಿಡೋ ಕವಾಟ) ಉಪ್ಪು ಕಟ್ಟಬಾರದು ಅಂತ 42 ಡಿಗ್ರಿಗೇ ತೆರೆಯುತ್ತೆ. ಇಂಜಿನ್ ಸರಿಯಾಗಿ ಬಿಸಿ ಆಗದೆ ನೀರು, ಮಸಿ ಎಲ್ಲಾ ಆಯಿಲಿಗೇ ಇಳಿಯುತ್ತೆ.

ಗಂಗೊಳ್ಳಿ_ಮೆಕ್ಯಾನಿಕ್:
ಆಧಾರ ನೀವು ಕೊಡಿ. ಕಂಪನಿಯ ಕೈಪಿಡಿ ಕೇಳುವುದು ಎಪಿಐ ದರ್ಜೆ (ಎಣ್ಣೆಯ ಗುಣಮಟ್ಟದ ಗುರುತು) ಮತ್ತು ದಪ್ಪ ಎಷ್ಟು ಅಂತ. "ಮರೀನ್" ಅಂತ ಬರೆದಿರಬೇಕು ಅಂತ ಎಲ್ಲಿ ಉಂಟು?

ನಿವೃತ್ತ_ಇಂಜಿನಿಯರ್_ಮೈಸೂರು:
ಮಾನ್ಯರೇ, "ಆಮ್ಲ" ಎಂಬ ವಾದವೇ ಹಳತಾಯಿತು. ಆಮ್ಲದ ಮೂಲ ಡೀಸೆಲ್‌ನಲ್ಲಿರುವ ಗಂಧಕ. ಏಪ್ರಿಲ್ 2020ರಿಂದ ನಮ್ಮಲ್ಲಿ ಬಿಎಸ್-6 ಮಾಲಿನ್ಯ ನಿಯಮ, ಗಂಧಕ ಹೆಚ್ಚೆಂದರೆ 10 ಪಿಪಿಎಂ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಬದಲಾಯಿಸುವುದೇ ಸರಿ, ಸೇರಿದ ತೇವವೂ ಜೊತೆಗೇ ಹೋಗುತ್ತದೆ. ನಾಲ್ಕು ತಿಂಗಳು ಸುಮ್ಮನೆ ಕೂತ ಆಯಿಲ್ ಯಾರಿಗೆ ಬೇಕು?

ಗಂಗೊಳ್ಳಿ_ಮೆಕ್ಯಾನಿಕ್:
"ಕೂತ ಆಯಿಲ್" ಅಂತೆ! ಅಂಗಡಿ ಕಪಾಟಿನಲ್ಲಿ ವರ್ಷಗಟ್ಟಲೆ ಕೂತದ್ದನ್ನು ತರುವಾಗ ಕೇಳ್ತೀರಾ ಸಾರ್? ಆ ಇಂಜಿನ್ ಹಿಡಿಯುವುದೇ ಒಂದೂವರೆ ಲೀಟರಿಗೂ ಕಮ್ಮಿ. ಈಗಲೂ ಹಾಕಿ, ಅಕ್ಟೋಬರಲ್ಲೂ ಹಾಕಿ.

ಸೊಲೆಂಟ್_ಕನ್ನಡಿಗ:
ಗಂಧಕ ಒಂದೇ ಅಲ್ಲ ಸರ್. ಉರಿದಾಗ ಹುಟ್ಟೋ ನೈಟ್ರೋಜನ್ ಆಕ್ಸೈಡ್ ನೀರಿನ ಜೊತೆ ಸೇರಿದ್ರೂ ಆಮ್ಲವೇ. ಅದನ್ನ ಯಾಕೆ ಬಿಟ್ರಿ?

ನಿವೃತ್ತ_ಇಂಜಿನಿಯರ್_ಮೈಸೂರು:
ಬಿಟ್ಟಿಲ್ಲ, ಪ್ರಮಾಣ ನಗಣ್ಯ. ಮೂವತ್ತು ವರ್ಷ ಜನರೇಟರ್ ನೋಡಿಕೊಂಡವನಿಗೆ ಪಾಠ ಬೇಡ.

ಗಂಗೊಳ್ಳಿ_ಮೆಕ್ಯಾನಿಕ್:
ಜನರೇಟರ್ ಉಪ್ಪುನೀರಿನಲ್ಲಿ ತೇಲ್ತಿತ್ತಾ ಸಾರ್?

ಹುಬ್ಬಳ್ಳಿ_ಹುಡುಗ:
ಆಯಿಲ್ ಆಯಿಲ್ ಅಂತ ಎಷ್ಟ್ ಬಡಕೊಳ್ಳಾಕತ್ತೀರ್ರೀ! ನಾನು ಕಾರವಾರದಾಗ ಬೋಟ್ ಕೆಲಸ ಮಾಡೀನಿ. ನಡುನೀರಾಗ ಇಂಜಿನ್ ಬಂದ್ ಬೀಳೂದು ಟ್ಯಾಂಕಿನಾಗಿನ ನೀರಿನಿಂದ. ತಳದಾಗ ನೀರು, ಮ್ಯಾಲೆ ಡೀಸೆಲ್, ಎರಡರ ನಡುವ ಕರೇ ಲೋಳಿ ಬೆಳೀತೈತಿ. ತೆರಿ ಎದ್ದಾಗ ಎಲ್ಲಾ ಕಲಕಿ ಫಿಲ್ಟರ್ ಕಟ್ಟತೈತಿ. ಟ್ಯಾಂಕ್ ತುಂಬಿಸಿ ಇಡ್ರಿ. ಡೀಸೆಲ್ ಫಿಲ್ಟರ್ ಬಟ್ಟಲದ ತಳದ ಸ್ಕ್ರೂ ಸಡಿಲ ಮಾಡಿ ಒಂದ್ ಬಾಟಲಿಗೆ ಹಿಡದ ನೋಡ್ರಿ, ನೀರ ಕೆಳಗ ಕುಂದರತೈತಿ. ಡೀಸೆಲ್ ಪೈಪಿನಾಗಿನ ಗಾಳಿ ತೆಗೀವಾಗ ಸೆಲ್ಫ್ ಬಾಳ ಹೊತ್ತು ಹೊಡೀತಿದ್ರ ಸೀಕಾಕ್ (ಸಮುದ್ರದ ನೀರ ಒಳಗ ಬಿಡೂ ನಲ್ಲಿ) ಬಂದ್ ಇರಲಿ. ಇಂಜಿನ್ ಹತ್ತಲಿಲ್ಲಂದ್ರೂ ಪಂಪ್ ನೀರ ದೂಡತೈತಿ, ಸೈಲೆನ್ಸರ್ ತುಂಬಿ ಸಿಲಿಂಡರಿಗೇ ಹೊಕ್ಕತೈತಿ.

ನಿವೃತ್ತ_ಇಂಜಿನಿಯರ್_ಮೈಸೂರು:
"ಸೀಕಾಕ್ ಬಂದ್" ಮಾಡಿದರೆ ಇಂಪೆಲರ್ ನೀರಿಲ್ಲದೆ ತಿರುಗಿ ಹರಿದುಹೋಗುತ್ತದೆ. ತಪ್ಪು ಸಲಹೆ.

ಹುಬ್ಬಳ್ಳಿ_ಹುಡುಗ:
ಹತ್ತಿದ ಕೂಡ್ಲೇ ತಗೀಬೇಕ್ರೀ ಸಾಹೇಬ್ರ, ಅಷ್ಟೂ ತಿಳೀದಿದ್ರ ಹೆಂಗ? ಇದು ಮುಚ್ಚಿಟ್ಟು ಊರಿಗೆ ಹೋಗೂ ಗೇಟಲ್ಲ.

ಹಾಯಿದೋಣಿ_ಮುಂಬೈ:
ಟ್ಯಾಂಕ್ ವಿಷಯ ಗೊತ್ತಿರಲಿಲ್ಲ, ನಾಳೆ ಬಟ್ಟಲು ಬಿಚ್ಚಿ ನೋಡ್ತೀನಿ. ಆಯಿಲ್ ಬಗ್ಗೆ ಕೈಪಿಡೀಲಿ 100 ಗಂಟೆಗೊಮ್ಮೆ ಅಂತಿದೆ. ಈ ಸೀಸನ್ನಲ್ಲಿ 30 ಗಂಟೆ ಓಡಿರಬಹುದು.

ನಿವೃತ್ತ_ಇಂಜಿನಿಯರ್_ಮೈಸೂರು:
ನೋಡಿ, ಕೈಪಿಡಿಯೇ 100 ಗಂಟೆ ಎನ್ನುತ್ತದೆ. ಇನ್ನೂ 70 ಬಾಕಿ.

ಸೊಲೆಂಟ್_ಕನ್ನಡಿಗ:
ಕಮ್ಮಿ ಓಡಿದಷ್ಟೂ ಆಯಿಲ್ ಕೆಡೋದು ಜಾಸ್ತಿ ಅಂತ ಆಗಿಂದ ಹೇಳ್ತಾ ಇರೋದು ಗೋಡೆಗಾ?

ಗಂಗೊಳ್ಳಿ_ಮೆಕ್ಯಾನಿಕ್:
30 ಅಂತ ಹೇಗೆ ಗೊತ್ತು? ಗಂಟೆ ಮೀಟರ್ ಉಂಟಾ?

ಹಾಯಿದೋಣಿ_ಮುಂಬೈ:
ಇಲ್ಲ, ಅಂದಾಜು. ಹಿಂದಿನ ಮಾಲೀಕರು ಯಾವಾಗ ಬದಲಾಯಿಸಿದ್ರೋ ಅದೂ ಗೊತ್ತಿಲ್ಲ.

ನಿವೃತ್ತ_ಇಂಜಿನಿಯರ್_ಮೈಸೂರು:
ಹಾಗಿದ್ದರೆ ಮೊದಲು ಮೀಟರ್ ಹಾಕಿಸಿ. ನನ್ನ ವಾದದಲ್ಲಿ ಏನೂ ಬದಲಾವಣೆ ಇಲ್ಲ.