ಅರಿಶಿನದ ಪೇಪರ್ ನಿಂಬೆರಸಕ್ಕೆ ಯಾಕೆ ಬಣ್ಣ ಬದಲಾಯಿಸಲ್ಲ?

ಪ್ರಶ್ನೆ: ಮಗಳು ಹತ್ತನೇ ಕ್ಲಾಸು, ಆಸಿಡ್ (ಆಮ್ಲ) ಯಾವ್ದು, ಬೇಸ್ (ಕ್ಷಾರ) ಯಾವ್ದು ಅಂತ ಬಣ್ಣದಿಂದ ತೋರಿಸೋ ಇಂಡಿಕೇಟರ್ ಮನೇಲೇ ಮಾಡೋಣ ಅಂತ ಫಿಲ್ಟರ್ ಪೇಪರ್‌ಗೆ ಅರಿಶಿನ ಹಚ್ಚಿ ಒಣಗಿಸಿದ್ವಿ, ಸೋಪಿನ ನೀರು ಬಿಟ್ರೆ ಕೆಂಪಗಾಗುತ್ತೆ ಸರಿ, ಆದ್ರೆ ನಿಂಬೆರಸ, ವಿನೆಗರ್ ಎರಡಕ್ಕೂ ಹಳದಿಯಾಗೇ ಇರುತ್ತೆ, ಯಾಕೆ?

ಉತ್ತರ 1: ಪೇಪರ್ ಸರಿಯಾಗೇ ಇದೆ. ಅರಿಶಿನಕ್ಕೆ ಬಣ್ಣ ಕೊಡೋ ಕರ್ಕ್ಯುಮಿನ್ ಅನ್ನೋ ವಸ್ತು ಆಸಿಡ್‌ನಲ್ಲೂ ಹಳದಿ, ಬರೀ ನೀರಲ್ಲೂ ಹಳದಿ. ಪಿಎಚ್ (ಆಸಿಡ್-ಬೇಸ್ ಅಳತೆ; 7ಕ್ಕಿಂತ ಕಮ್ಮಿ ಆಸಿಡ್, ಹೆಚ್ಚು ಬೇಸ್) ಹೆಚ್ಚುಕಮ್ಮಿ 7.5 ದಾಟಿದ್ಮೇಲೆ ಅದರ ಅಣುವಿಂದ ಹೈಡ್ರೋಜನ್ ಅಯಾನು ಕಳಚಿಕೊಳ್ಳುತ್ತೆ, ಆಗ ಬೆಳಕು ಹೀರೋ ರೀತಿ ಬದಲಾಗಿ ಕೆಂಪು-ಕಂದು ಕಾಣುತ್ತೆ, ಹಾಗಾಗಿ ಇದು ಬೇಸ್ ಮಾತ್ರ ತೋರಿಸುತ್ತೆ, ಆಸಿಡ್ಡೋ ನೀರೋ ಹೇಳಕ್ಕಾಗಲ್ಲ. ಆ ಕೆಂಪು ಕಲೆ ಮೇಲೇ ಒಂದು ಹನಿ ನಿಂಬೆರಸ ಬಿಡಿ, ವಾಪಸ್ ಹಳದಿಗೆ ಬರುತ್ತೆ, ನೋಡೋಕೆ ತುಂಬಾ ಚೆಂದ.

ಉತ್ತರ 2: ಆರತಿಗೆ ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದ್ರೆ ಕೆಂಪಾಗೋದೂ ಇದೇ ಕೆಮಿಸ್ಟ್ರಿ, ಮಗಳಿಗೆ ಅದನ್ನೂ ತೋರಿಸಿ.

ಉತ್ತರ 3: ಆಸಿಡ್, ಬೇಸ್ ಎರಡೂ ಗೊತ್ತಾಗ್ಬೇಕಂದ್ರೆ ಕೆಂಪು ದಾಸವಾಳದ ಎಸಳು ಬಿಸಿನೀರಲ್ಲಿ ನೆನೆಸಿ ಸೋಸ್ಕೊಳ್ಳಿ. ಆಸಿಡ್‌ಗೆ ಗಾಢ ಗುಲಾಬಿ, ಬೇಸ್‌ಗೆ ಹಸಿರು. ಅಡುಗೆ ಸೋಡಾ ಪಿಎಚ್ ಸುಮಾರು 8.3 ಅಷ್ಟೇ, ಬಣ್ಣ ಮೆಲ್ಲಗೆ ಬರುತ್ತೆ, ವಾಷಿಂಗ್ ಸೋಡಾಗೆ ತಕ್ಷಣ ಬರುತ್ತೆ, ಆದ್ರೆ ಅದನ್ನ ಬರಿಗೈಯಲ್ಲಿ ಮುಟ್ಟೋಕೆ ಬಿಡಬೇಡಿ.