ಪಗಾರ ಬಿಟ್ಟು ಕನ್ಸಲ್ಟಂಟ್ ಆಗು ಅಂತಿದ್ದಾರೆ, ಏನು ಮಾಡಲಿ?

ಕೇಳಿದವರು: ಬೆಳಗಾವಿ ಉದ್ಯಮಬಾಗದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಡಿಸೈನ್ ಎಂಜಿನಿಯರ್ ಆಗಿ 14 ತಿಂಗಳಾಯ್ತು. ಪಗಾರ 20,000, ಅದರಲ್ಲಿ ಬೇಸಿಕ್ 12,000. ಮುಂದಿನ ತಿಂಗಳಿಂದ ನೀನು ಕನ್ಸಲ್ಟಂಟ್, 22,000 ಕೊಡ್ತೀವಿ, ಪಿಎಫ್ ಕಟ್ ಆಗಲ್ಲ ಅಂತ ಎಚ್‌ಆರ್ ಹೇಳಿದ್ದಾರೆ. ಕೆಲಸ, ಟೇಬಲ್, ಟೈಮು ಎಲ್ಲ ಅದೇ. ಸೋಮವಾರ ಸಹಿ ಹಾಕಬೇಕು. ಯಾರಿಗಾದರೂ ಹೀಗಾಗಿದೆಯಾ?

ಉತ್ತರ 1: ನನಗೆ ಆಗಿದೆ ತಮ್ಮಾ, ಅದೇ ಉದ್ಯಮಬಾಗದಲ್ಲೇ, 2018ರಲ್ಲಿ. ಮೊದಲು ಆ 2,000 ಎಲ್ಲಿಂದ ಬಂತು ನೋಡು. ನಿನ್ನ ಬೇಸಿಕ್ ಮೇಲೆ ಕಂಪನಿ ಕಟ್ಟುವ ಪಿಎಫ್ 12%, ಅಂದರೆ 1,440. ಇಎಸ್‌ಐಗೆ (ಆಸ್ಪತ್ರೆ ಖರ್ಚು ನೋಡುವ ವಿಮೆ) ಅವರ ಪಾಲು ಪೂರ್ತಿ ಪಗಾರದ ಮೇಲೆ 3.25%, ಅಂದರೆ 650. ಎರಡೂ ಕೂಡಿದರೆ 2,090. ಅದರಲ್ಲೂ 90 ಇಟ್ಟುಕೊಂಡು ಉಳಿದದ್ದನ್ನು ನಿನಗೆ ಹೈಕ್ ಅಂತ ಕೊಡ್ತಿದ್ದಾರೆ! ಬೋನಸ್, ಗ್ರಾಚ್ಯುಟಿ, ರಜೆ ಹೋಗುವುದು ಬೇರೆ.

ನಾನು ಖುಷಿಯಿಂದಲೇ ಸಹಿ ಹಾಕಿದ್ದೆ. ಊಟದ ಹೊತ್ತು, ಡಬ್ಬಿ ಇನ್ನೂ ಮುಚ್ಚಿರಲಿಲ್ಲ. ಎರಡು ಕಾಗದ. ಮೇಲಿನದು ಕರಾರು. ಕೆಳಗಿನದು ನನ್ನ ರಾಜೀನಾಮೆ, 'ವೈಯಕ್ತಿಕ ಕಾರಣದಿಂದ' ಅಂತ ಅವರೇ ಟೈಪ್ ಮಾಡಿಸಿದ್ದು. ಓದಲೇ ಇಲ್ಲ. ಮರುದಿನವೂ ಒಂಬತ್ತಕ್ಕೆ ಅದೇ ಮಷೀನಿಗೆ ಹೆಬ್ಬೆಟ್ಟು ಒತ್ತಿದೆ. ಹತ್ತು ನಿಮಿಷ ತಡವಾದರೆ ಅರ್ಧ ದಿನ ಕಟ್. ಸ್ವತಂತ್ರ ಕನ್ಸಲ್ಟಂಟ್ ಅಂತೆ!

ಡೆಂಗಿ ಬಂದು 9 ದಿನ ಮಲಗಿದೆ, 9 ದಿನದ ದುಡ್ಡೂ ಹೋಯ್ತು. ಇಎಸ್‌ಐ ಇಲ್ಲ, ಆಸ್ಪತ್ರೆ ಬಿಲ್ ಅಪ್ಪ ಕಟ್ಟಿದರು. ದೊಡ್ಡ ಪೆಟ್ಟು ಬಿದ್ದದ್ದು 2021ರಲ್ಲಿ. ಹತ್ತರಗಿ ಕಡೆ ಬೇರೆ ಕೆಲಸಕ್ಕೆ ಹೋದಾಗ ನಾಲ್ಕು ವರ್ಷದ ಅನುಭವ ಅಂತ ಬರೆದಿದ್ದೆ. ಅವರು ಯುಎಎನ್ (ಪಿಎಫ್ ನಂಬರು) ಕೇಳಿ ಪಿಎಫ್ ದಾಖಲೆ ತೆಗೆಸಿದರು. ಅಲ್ಲಿ ಕಂಡದ್ದು ಒಂದೇ ವರ್ಷ. ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ಹಿಡಿದದ್ದಕ್ಕೆ ಕೊಡುವ ಫಾರ್ಮ್ 16ಎ ಎಲ್ಲ ಹರಡಿ ಹೇಗೋ ಒಪ್ಪಿಸಿದೆ. ಪಗಾರ ಮಾತ್ರ ಹೊಸಬರಿಗೆ ಕೊಡುವಷ್ಟೇ ಸಿಕ್ಕಿತು.

ರಾಜೀನಾಮೆಗೆ ಸಹಿ ಹಾಕಬೇಡ. ಕರಾರನ್ನು ಮನೆಗೆ ಒಯ್ದು ಓದ್ತೀನಿ ಅನ್ನು. ಒಪ್ಪಲೇಬೇಕಾದರೆ 28,000ಕ್ಕಿಂತ ಕೆಳಗೆ ಇಳಿಯಬೇಡ. ಇದು ನನ್ನ ಅಂದಾಜು, ಮನೆಯಲ್ಲಿ ಕೂತು ನಿನ್ನ ಲೆಕ್ಕ ಹಾಕು.

ಉತ್ತರ 2: ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಅದನ್ನು ಮರೆತಿರಿ. ನನಗೆ ವೃತ್ತಿ ಶುಲ್ಕ ಅಂತ ತೋರಿಸಿ 10% ಹಿಡಿದು ಕೊಡ್ತಿದ್ದರು. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ 2,200, ವರ್ಷಕ್ಕೆ 26,400. ಇಷ್ಟೇ ಆದಾಯವಿದ್ದರೆ ರಿಟರ್ನ್ ಹಾಕಿದಾಗ ವಾಪಸ್ ಬರುತ್ತೆ. ಮೊದಲ ವರ್ಷ ನಾನು ಹಾಕದೆ ಸುಮ್ನೆ ಬಿಟ್ಟಿದ್ದೆ. ಜಿಎಸ್‌ಟಿಗೆ ಹೆದರಬೇಡಿ, ಸೇವೆಗೆ ವರ್ಷಕ್ಕೆ 20 ಲಕ್ಷದ ತನಕ ನೋಂದಣಿ ಬೇಕಿಲ್ಲ.

ಉತ್ತರ 3: ನನಗೆ ಇದೇ ಒಳ್ಳೇದಾಯ್ತು ರೀ. ಶಹಾಪುರದ ಮನೆಯಿಂದಲೇ ಕೊಲ್ಹಾಪುರದ ಮೂರು ಫೌಂಡ್ರಿಗಳಿಗೆ ಡ್ರಾಯಿಂಗ್ ಮಾಡಿಕೊಡ್ತೀನಿ. ಆದರೆ ನನ್ನ ಹೆಬ್ಬೆಟ್ಟು ಯಾರೂ ಕೇಳಲ್ಲ. ಬೇರೆಯವರ ಕೆಲಸ ಹಿಡಿಯಲು ಬಿಡ್ತಾರಾ ಅಂತ ಕೇಳಿ ನೋಡಿ.

ಉತ್ತರ 4: ಕಾಗದದಲ್ಲಿ ಕನ್ಸಲ್ಟಂಟ್ ಅಂತ ಬರೆದ ಮಾತ್ರಕ್ಕೆ ಆಗಿಬಿಡಲ್ಲ. ಗುಜರಾತಿನ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್‌ನಲ್ಲಿ ಉಪ್ಪು ತೆಗೆಯುತ್ತಿದ್ದ ಅಗರಿಯಾಗಳನ್ನು ಕಂಪನಿ ಗುತ್ತಿಗೆದಾರರು ಅಂದಿತ್ತು. ಕೆಲಸ ಹೇಗೆ ಮಾಡಬೇಕು ಅನ್ನುವ ಹಿಡಿತ ಯಾರ ಕೈಲಿತ್ತು ಅಂತ ನೋಡಿ, ಸುಪ್ರೀಂ ಕೋರ್ಟು 1956ರಲ್ಲೇ ಅವರನ್ನು ಕೆಲಸಗಾರರು ಅಂತ ಒಪ್ಪಿಕೊಂಡಿತು. ಹಾಜರಿ, ರಜೆ ಕೇಳಿದ ಮೇಲ್, ಬಾಸ್ ಕಳಿಸಿದ ಮೆಸೇಜು ಎಲ್ಲ ತೆಗೆದಿಟ್ಟುಕೊಳ್ಳಿ. ಕೇಸು ಹಾಕಿ ಅಂತ ಹೇಳ್ತಿಲ್ಲ, ನಿಮ್ಮ ವಯಸ್ಸಿಗೆ ಅದು ಸುಲಭವೂ ಅಲ್ಲ.

ಕೇಳಿದವರು: ಇವತ್ತು ಎಚ್‌ಆರ್ ಹತ್ತಿರ ಹೋಗಿದ್ದೆ. ಹೆಬ್ಬೆಟ್ಟು ಇರುತ್ತಾ ಮೇಡಂ? ಇರುತ್ತೆ. ಬೇರೆ ಕಡೆ ಕೆಲಸ ಹಿಡಿಯಬಹುದಾ? ಇಲ್ಲ. ರಾಜೀನಾಮೆ ಪತ್ರ ಕೂಡ ಫೈಲಲ್ಲೇ ಇತ್ತು ಅಣ್ಣಾ, ನೀವು ಹೇಳಿದ ಹಾಗೇ, 'ವೈಯಕ್ತಿಕ ಕಾರಣದಿಂದ'. ಒಂದು ವಾರ ಟೈಮ್ ಕೇಳಿ ಬಂದಿದ್ದೀನಿ.