ಅಪ್‌ಡೇಟ್: ಎರಡು ಸಬ್‌ನೆಟ್‌ಗಳ (ಬೇರೆ ಬೇರೆ ವಿಳಾಸಗಳ ಉಪಜಾಲಗಳ) ಕಂಪ್ಯೂಟರ್‌ಗಳು ಈಗ ಪರಸ್ಪರ ಸಿಗುತ್ತಿವೆ

ಕೆಳಗಿನ ಕಚೇರಿಯ ಕಂಪ್ಯೂಟರಿನಿಂದ (192.168.1.0 ಜಾಲ) ಮಹಡಿಯ ಮನೆಯ ಕಂಪ್ಯೂಟರಿನ (192.168.2.0 ಜಾಲ) ಶೇರ್ಡ್ ಫೋಲ್ಡರ್ ತೆರೆಯುತ್ತಿಲ್ಲ, ಮೇಲಿನಿಂದ ಕೆಳಕ್ಕೆ ಮಾತ್ರ ಸಂಪರ್ಕವಿದೆ ಎಂದು ಕೇಳಿದ್ದೆ. ನೀವು ಸೂಚಿಸಿದಂತೆ ಮಹಡಿಯ ರೌಟರಿನಲ್ಲಿ ನ್ಯಾಟ್ (ಒಳಗಿನ ವಿಳಾಸಗಳನ್ನು ರೌಟರಿನ ಒಂದೇ ವಿಳಾಸದ ಹಿಂದೆ ಮರೆಮಾಡುವ ವ್ಯವಸ್ಥೆ) ನಿಲ್ಲಿಸಿ, ಅದರ ವ್ಯಾನ್ (ಹೊರಬದಿಯ) ವಿಳಾಸವನ್ನು 192.168.1.2 ಎಂದು ಸ್ಥಿರಗೊಳಿಸಿ, ಕೆಳಗಿನ ರೌಟರಿನಲ್ಲಿ 192.168.2.0 ಜಾಲಕ್ಕೆ ಅದೇ ವಿಳಾಸವನ್ನು ಗೇಟ್‌ವೇ (ದಾಟುವ ದ್ವಾರ) ಮಾಡಿ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಸೇರಿಸಿದೆ.

ಆಮೇಲೂ ಮಹಡಿಯ ರೌಟರ್ ಪಿಂಗ್‌ಗೆ (ಸಂಪರ್ಕವಿದೆಯೇ ಎಂದು ನೋಡುವ ಸಂದೇಶಕ್ಕೆ) ಉತ್ತರಿಸಿತೇ ಹೊರತು, ಮಹಡಿಯ ಕಂಪ್ಯೂಟರ್ ಉತ್ತರಿಸದೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ (ಕಾದರೂ ಉತ್ತರವಿಲ್ಲ) ಎಂಬ ಸಾಲೇ ನಾಲ್ಕು ಸಲ ಬಂತು. ಒಂದು ಸಂಜೆಯಿಡೀ ರೂಟನ್ನೇ ತಿದ್ದುತ್ತ ಕುಳಿತಿದ್ದೆ. ನಿಜವಾದ ಅಡ್ಡಿ ಆ ಕಂಪ್ಯೂಟರಿನ ವಿಂಡೋಸ್ ಫೈರ್‌ವಾಲಿನಲ್ಲಿ (ಹೊರಗಿನ ಸಂಪರ್ಕಗಳನ್ನು ತಡೆಯುವ ರಕ್ಷಣಾ ವ್ಯವಸ್ಥೆಯಲ್ಲಿ) ಇತ್ತು. ಅಲ್ಲಿ ಫೈಲ್ ಹಂಚಿಕೆಯ ನಿಯಮಗಳು ‘ಲೋಕಲ್ ಸಬ್‌ನೆಟ್’ಗೆ, ಅಂದರೆ ಅದರದೇ ಜಾಲಕ್ಕೆ, ಸೀಮಿತವಾಗಿದ್ದವು. ಸ್ಕೋಪ್‌ನಲ್ಲಿ (ನಿಯಮ ಯಾವ ವಿಳಾಸಗಳಿಗೆ ಅನ್ವಯ ಎಂಬ ಪಟ್ಟಿಯಲ್ಲಿ) 192.168.1.0/24, ಅಂದರೆ ಕೆಳಗಿನ ಇಡೀ ಜಾಲವನ್ನು, ಸೇರಿಸಿದೊಡನೆ ಫೋಲ್ಡರ್ ತೆರೆಯಿತು.

ಹೆಸರು ಹುಡುಕಲು ಜಾಲದ ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಸಂದೇಶಗಳು ರೌಟರ್ ದಾಟುವುದಿಲ್ಲವಾದ್ದರಿಂದ ನೆಟ್‌ವರ್ಕ್ ಪಟ್ಟಿಯಲ್ಲಿ ಆ ಕಂಪ್ಯೂಟರಿನ ಹೆಸರು ಈಗಲೂ ಕಾಣುತ್ತಿಲ್ಲ. ಐಪಿ ವಿಳಾಸವನ್ನೇ ಟೈಪಿಸಿ ತೆರೆಯುತ್ತಿದ್ದೇನೆ. ತಾಳ್ಮೆಯಿಂದ ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.